ಬೆನ್ನಿನ ಬಿಳಿ ಗೆರೆ

ನಿನ್ನ ಕೆಲಸ ಏನಮ್ಮಾ ಎಂದು ಯಾರಾದರೂ ಕೇಳಿದರೆ ಅವಳು "ಚುಕ್ಕಿ ಇಡೋದು" ಎನ್ನುತ್ತಿದ್ದಳು. ಕೇಳಿದವರು ತಮಾಷೆ ಎಂದುಕೊಂಡು ನಗುತ್ತಿದ್ದರು. ಅವಳು ವಿವರಿಸುವ ಗೋಜಿಗೆ ಹೋಗುತ್ತಿರಲಿಲ್ಲ.

ತಮಾಷೆಯೇನೂ ಅಲ್ಲ. ಕತ್ತಲೆ ಕೋಣೆಯಲ್ಲಿ ತೊಳೆದು ಒಣಗಿಸಿದ ಫೋಟೋದ ಮೇಲೆ, ಎಷ್ಟೇ ಜೋಪಾನ ಮಾಡಿದರೂ, ಧೂಳಿನ ಗುರುತು ಉಳಿದೇ ಉಳಿಯುತ್ತದೆ. ಸಾಸಿವೆಗಿಂತ ಸಣ್ಣ ಬಿಳಿ ಕಲೆ, ಕೂದಲೆಳೆಯಂಥ ಬಿಳಿ ಗೀರು. ನಾಲ್ಕೇ ಕೂದಲಿನ ಬ್ರಷ್ಶಿನಿಂದ ಆ ಬಿಳುಪಿನ ಮೇಲೆ ಬೂದು ಬಣ್ಣವನ್ನು ಒಂದೊಂದೇ ಚುಕ್ಕಿಯಾಗಿ ಇಟ್ಟು, ಅಲ್ಲೊಂದು ಕಲೆ ಇತ್ತೆಂದು ಹೆತ್ತ ತಾಯಿಗೂ ಗೊತ್ತಾಗದಂತೆ ಮಾಡುವುದು ಅವಳ ಹೊಟ್ಟೆಪಾಡು. ಮೊದಲು ಮದುವೆ ಫೋಟೋ ತೆಗೆಯುವ ಸ್ಟುಡಿಯೋದಲ್ಲಿದ್ದಳು. ಎಷ್ಟೋ ಮದುಮಕ್ಕಳ ಮೊಡವೆ, ಮಚ್ಚೆ, ಸಿಡುಬಿನ ಗುಳಿಗಳನ್ನು ಆಗ ಅವಳು ನುಂಗಿ ನೀರು ಕುಡಿದಿದ್ದಾಳೆ. ಚಿಕ್ಕವರು ಅವಳನ್ನು ಚುಕ್ಕಿ ಅಕ್ಕ ಎನ್ನುತ್ತಿದ್ದರು, ದೊಡ್ಡವರು ಬರೀ ಚುಕ್ಕಿ. ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಬೇಕಾಗಿತ್ತು.

ಇಂಥವಳ ಮನೆಯಲ್ಲಿ ಸತ್ತ ಗಂಡನದೊಂದು ಫೋಟೋ ಇರಲಿಲ್ಲ.

ಗಂಡ ಐಸ್ ಫ್ಯಾಕ್ಟರಿಯಲ್ಲಿದ್ದ. ಆಳಿನ ಸೊಂಟದೆತ್ತರದ ಐಸಿನ ಗಡ್ಡೆಗಳನ್ನು ಕೊಕ್ಕೆಯಿಂದ ಎಳೆದು ಲಾರಿಗೆ ಹೇರುವ ಕೆಲಸ. ಎಲ್ಲರ ಬಾಯಲ್ಲೂ ಅವನು ಐಸಣ್ಣ. ಕ್ಯಾಮೆರಾ ಕಂಡರೆ ಅವನಿಗೆ ಅದೇನು ಅಲರ್ಜಿಯೋ, ಯಾರಾದರೂ ಎತ್ತಿದರೆ ಸಾಕು, ಮುಖ ತಿರುಗಿಸಿ ಇನ್ನೊಬ್ಬನ ಹಿಂದೆ ಸರಿದುಬಿಡುತ್ತಿದ್ದ. ತನ್ನ ಮದುವೆಗೂ ಫೋಟೋದವರನ್ನು ಕರೆಸಲು ಬಿಟ್ಟಿರಲಿಲ್ಲ. ಫ್ಯಾಕ್ಟರಿಯ ಗುಂಪಿನ ಫೋಟೋದಲ್ಲಿ ಅವನ ಒಂದು ಕಿವಿ ಇದೆ, ಅದೂ ಅವನದೇ ಎಂದು ಆಣೆ ಮಾಡಿ ಹೇಳುವಂತಿಲ್ಲ. ಗುರುತಿನ ಚೀಟಿಯ ಫೋಟೋ ಜೇಬಿನಲ್ಲೇ ಐಸ್ ನೀರು ಕುಡಿದು ಕುಡಿದು ಮೂಗು ಬಾಯಿ ಕಳೆದುಕೊಂಡಿತ್ತು. ಹೋದ ವರ್ಷ ಶೀತ ಎದೆಗಿಳಿಯಿತು ಎಂದು ಮಲಗಿದವನು ಏಳಲಿಲ್ಲ. ಗೋಡೆಗೆ ಮೊಳೆ ಹೊಡೆದದ್ದಾಯಿತು, ತೂಗುಹಾಕಲು ಏನೂ ಇರಲಿಲ್ಲ. ಮೊಳೆ ಹಾಗೇ ಇತ್ತು.

ನಾದಿನಿ ವಾರಕ್ಕೊಮ್ಮೆ ಬರುತ್ತಿದ್ದಳು. ಬಂದವಳ ಕಣ್ಣು ಮೊದಲು ಹೋಗುವುದು ಆ ಮೊಳೆಗೇ.

"ಅಲ್ಲ ಅತ್ತಿಗೆ, ಊರವರ ಮುಖಾನೆಲ್ಲ ತಿದ್ದಿ ತೀಡಿ ಕೊಡ್ತೀಯ. ನಮ್ಮಣ್ಣಂದು ಒಂದು ಫೋಟೋ ಇಟ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?"

"ನಿಮ್ಮಣ್ಣ ನಿಲ್ಲಬೇಕಲ್ಲ ಕಣೇ."

"ಕಟ್ಟಿಹಾಕಿ ತೆಗೆಸ್ಬೇಕಿತ್ತು."

ನಾದಿನಿಯ ಮಾತಿನಲ್ಲಿ ಮುಳ್ಳಿದ್ದರೂ ವಿಷವಿರಲಿಲ್ಲ, ಅವಳಿಗೂ ಅಣ್ಣನ ನೆನಪಾಗುತ್ತಿತ್ತು ಅಷ್ಟೇ. ಆದರೆ ಚುಕ್ಕಿಯನ್ನು ತಿನ್ನುತ್ತಿದ್ದದ್ದು ಬೇರೆ. ಅವನ ಮುಖ ಅವಳಿಗೆ ಮರೆಯುತ್ತಿತ್ತು. ಮೊದಲು ಹುಬ್ಬು ಹೋಯಿತು, ಆಮೇಲೆ ಗದ್ದ. ನೆನಪಿಸಿಕೊಳ್ಳಲು ಹೋದಷ್ಟೂ ಗುರುತಿನ ಚೀಟಿಯ ಆ ಮೂಗಿಲ್ಲದ ಮುಖವೇ ಬಂದು ನಿಲ್ಲುತ್ತಿತ್ತು. ಇನ್ನೊಂದು ವರ್ಷ ಕಳೆದರೆ ಏನುಳಿಯುತ್ತದೆ ಎಂದು ಅವಳಿಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು. ಅವನನ್ನು ಒಂದು ಸಲ, ಒಂದೇ ಒಂದು ಸಲ ಕಣ್ಣುತುಂಬ ನೋಡಬೇಕು, ಬೇರೇನೂ ಬೇಡ ಎಂದು ತರಕಾರಿ ಹೆಚ್ಚುವಾಗಲೂ ಅಂದುಕೊಳ್ಳುತ್ತಿದ್ದಳು.

ಕೈಗೆ ಮಾತ್ರ ಒಂದು ನೆನಪಿತ್ತು. ಮೈ ತೋರಿಸಿಕೊಳ್ಳುವ ಜಾಯಮಾನದವನಲ್ಲ ಐಸಣ್ಣ. ಸ್ನಾನ ಮಾಡಿ ಬನಿಯನ್ ಹಾಕಿಕೊಂಡೇ ಹೊರಗೆ ಬರುವವನು, ದೀಪ ಆರಿಸಿಯೇ ಅಂಗಿ ಬಿಚ್ಚುವವನು. ಅವಳೂ ಒತ್ತಾಯ ಮಾಡಿದವಳಲ್ಲ. ಮದುವೆಗೆ ಮುಂಚೆ ಫ್ಯಾಕ್ಟರಿಯಲ್ಲಿ ಯಾರದೋ ಕೊಕ್ಕೆ ಜಾರಿ ಅವನ ಬೆನ್ನು ಸೀಳಿತ್ತಂತೆ. ಎಡ ಹೆಗಲ ಕೆಳಗಿನಿಂದ ಒಂದು ಗಾಯದ ಏಣು, ಹೊಲಿಗೆಯ ಅಂಚಿನಂತೆ ಉಬ್ಬಿಕೊಂಡದ್ದು, ಕೆಳಗಿಳಿಯುತ್ತಿತ್ತು. ಅವನು ಅತ್ತ ತಿರುಗಿ ಮಲಗಿದರೆ ಕತ್ತಲಲ್ಲಿ ಅವಳು ಅದರ ಮೇಲೆ ಬೆರಳಿಟ್ಟು ಜಾರಿಸುತ್ತಾ ನಿದ್ದೆ ಹೋಗುತ್ತಿದ್ದಳು. ಇಡೀ ಸಂಸಾರದಲ್ಲಿ ಆ ಬೆನ್ನನ್ನು ಬೆಳಕಿನಲ್ಲಿ ನೋಡಿದವಳಲ್ಲ. ಹಾಗೆಂದು ಯಾರಿಗೂ ಹೇಳಿದವಳೂ ಅಲ್ಲ. ಹೇಳುವಂಥ ವಿಷಯವೇ ಅದು?

ಸ್ಟುಡಿಯೋ ಮುಚ್ಚಿದ ಮೇಲೆ ಅವಳನ್ನು ಕೆಲಸಕ್ಕೆ ಕರೆದವರು ಮೇಷ್ಟ್ರು. ಚಿತ್ರಕಲೆಯ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಒಂಟಿ ಜೀವ. ಮನೆಯ ಹಿಂಬದಿಯ ಗ್ಯಾರೇಜನ್ನೇ ಕತ್ತಲೆ ಕೋಣೆ ಮಾಡಿಕೊಂಡು ತಮ್ಮ ಚಿತ್ರಗಳನ್ನು ತಾವೇ ತೊಳೆಯುವವರು. ಮೇಷ್ಟ್ರ ಹೆಸರು ದೊಡ್ಡದು, ಆ ಹೆಸರು ಬಂದದ್ದು ಬೆತ್ತಲೆ ಗಂಡಸರ ಫೋಟೋಗಳಿಂದ.

ಇದು ಅವಳಿಗೆ ಗೊತ್ತಿರಲಿಲ್ಲ. ಮೊದಲ ದಿನ ಮೇಜಿನ ಮೇಲಿದ್ದ ಪ್ರಿಂಟನ್ನು ನೋಡಿದವಳು "ಅಯ್ಯಯ್ಯಪ್ಪಾ!" ಎಂದು ಅದನ್ನು ಮಗುಚಿ ಹಾಕಿ ಎದ್ದು ನಿಂತಳು. ಮೇಷ್ಟ್ರು ಬಾಗಿಲಲ್ಲಿ ನಿಂತು ನಗುತ್ತಿದ್ದರು.

"ಯಾಕಮ್ಮಾ, ಕಚ್ತಾನಾ ಅವನು?"

"ಮೇಷ್ಟ್ರೇ, ಮೈಮೇಲೆ ಒಂದು ಚೂರು ಬಟ್ಟೆ ಇಲ್ಲ!"

"ಬಟ್ಟೆ ಇದ್ದಿದ್ರೆ ಬಟ್ಟೆ ಫೋಟೋ ತೆಗೆದ ಹಾಗಾಗ್ತಿತ್ತು. ಮನುಷ್ಯನನ್ನ ನೋಡಬೇಕಿತ್ತು ನನಗೆ."

ಅವಳು ಕೆಲಸ ಬಿಡಲಿಲ್ಲ, ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಆದರೆ ಒಂದು ಉಪಾಯ ಮಾಡಿಕೊಂಡಳು. ಬಿಳಿ ಹಾಳೆಯೊಂದರ ನಡುವೆ ನಾಣ್ಯದಷ್ಟು ದೊಡ್ಡ ತೂತು ಕತ್ತರಿಸಿ, ಆ ಹಾಳೆಯನ್ನು ಪ್ರಿಂಟಿನ ಮೇಲೆ ಹೊದಿಸಿ, ತೂತಿನಲ್ಲಿ ಕಂಡಷ್ಟನ್ನೇ ನೋಡಿಕೊಂಡು ಚುಕ್ಕಿ ಇಡುವುದು. ಹಾಳೆಯನ್ನು ಸ್ವಲ್ಪ ಸರಿಸುವುದು, ಮತ್ತೆ ಇಡುವುದು. ಕೈಯ ಬೆವರು ಪ್ರಿಂಟಿಗೆ ತಾಗುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದಳು. ಅದೂ ಸುಳ್ಳಲ್ಲ. ನಿಜವಾದ ಕಾರಣ ಮೇಷ್ಟ್ರಿಗೂ ಗೊತ್ತಿತ್ತು.

ದಿನ ಕಳೆದಂತೆ ನಾಚಿಕೆ ಸವೆಯಿತು, ಅಭ್ಯಾಸ ಉಳಿಯಿತು. ತೂತಿನಲ್ಲಿ ಕಂಡದ್ದು ಗಂಡಸಿನ ಮೈ ಎನ್ನುವುದೇ ಅವಳಿಗೆ ಮರೆತುಹೋಗುತ್ತಿತ್ತು. ಬೂದು ಕಪ್ಪಾಗುವ ಜಾಗ, ಕಪ್ಪಿನೊಳಗಿಂದ ಒಂದು ಎಲುಬು ಮೆಲ್ಲಗೆ ಎದ್ದು ಬರುವ ಜಾಗ, ಕಂಕುಳ ಕೆಳಗೆ ನೆರಳು ತೆಳುವಾಗುವ ಜಾಗ. ಮೇಷ್ಟ್ರು ಆಗಾಗ ಬಂದು ಪಕ್ಕದಲ್ಲಿ ಕೂರುತ್ತಿದ್ದರು. "ಬೆಳಕು ಎಲ್ಲಿ ನಿಂತಿದೆ ನೋಡು. ಎಲ್ಲಿ ಜಾರಿದೆ ನೋಡು. ಇವನು ಜೀವನದಲ್ಲಿ ಏನೇನು ಹೊತ್ತಿದಾನೆ ಅಂತ ಈ ಹೆಗಲು ಹೇಳುತ್ತೆ. ಬಟ್ಟೆ ಸುಳ್ಳು ಹೇಳುತ್ತೆ, ಮುಖ ಅದಕ್ಕಿಂತ ಜಾಸ್ತಿ ಹೇಳುತ್ತೆ." ಅವಳು ಹೂಂಗುಟ್ಟುತ್ತಿದ್ದಳು. ಕೆಲವೊಮ್ಮೆ ಅವರು ಹೇಳಿದ್ದು ಅವಳಿಗೆ ಕಾಣುತ್ತಲೂ ಇತ್ತು. ಒಂದು ಮೊಣಕಾಲಿನ ಹಿಂಭಾಗವನ್ನು ನೋಡುತ್ತಾ ಬ್ರಷ್ಶು ಹಿಡಿದ ಕೈ ತಾನಾಗಿ ನಿಂತದ್ದುಂಟು. ಎಷ್ಟು ಚೆನ್ನಾಗಿದೆಯಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದ್ದುಂಟು. ಆದರೆ ಹಾಳೆ ತೆಗೆದು ಇಡೀ ಮನುಷ್ಯನನ್ನು ನೋಡಿದ್ದು ಮಾತ್ರ ಇಲ್ಲ.

ಐಸಣ್ಣ ಬದುಕಿದ್ದಾಗ ಸಂಜೆ ಅವಳನ್ನು ಕರೆದೊಯ್ಯಲು ಬಂದು ಗ್ಯಾರೇಜಿನ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಒಳಗೆ ಕಣ್ಣು ಹಾಯಿಸುತ್ತಿರಲಿಲ್ಲ. ಮೇಷ್ಟ್ರು ಹೋಗಿ ಪಕ್ಕದಲ್ಲಿ ಕೂತು ಬೀಡಿ ಹಂಚಿಕೊಳ್ಳುತ್ತಿದ್ದರು. ಇಬ್ಬರೂ ಏನು ಮಾತಾಡುತ್ತಾರೋ ಎಂದು ಅವಳು ತಲೆ ಕೆಡಿಸಿಕೊಂಡವಳಲ್ಲ.

ಮೇಷ್ಟ್ರಿಗೆ ಒಂದು ಹಟವಿತ್ತು. ಒಂದು ನೆಗೆಟಿವ್‌ಗೆ ಒಂದೇ ಪ್ರಿಂಟು. ಅದು ಮನಸ್ಸಿಗೆ ಬರುವವರೆಗೂ ತೆಗೆದ ಸಣ್ಣಪುಟ್ಟ ಪ್ರಿಂಟುಗಳನ್ನೆಲ್ಲ ಹರಿದು ಹಾಕಿ, ಕಡೆಗೆ ನೆಗೆಟಿವನ್ನೂ ಕತ್ತರಿಯಿಂದ ಎರಡು ಮಾಡಿಬಿಡುತ್ತಿದ್ದರು. "ಮನುಷ್ಯ ಒಬ್ಬನೇ ತಾನೇ ಇದ್ದದ್ದು? ಅವನ ಚಿತ್ರ ಹತ್ತು ಯಾಕೆ?" ಎನ್ನುತ್ತಿದ್ದರು. ಆ ಕತ್ತರಿಯ ಸದ್ದು ಕೇಳಿದಾಗಲೆಲ್ಲ ಅವಳು ಬ್ರಷ್ಶು ಎತ್ತಿಹಿಡಿದು, ಸದ್ದು ಮುಗಿಯುವವರೆಗೆ ಕಾಯುತ್ತಿದ್ದಳು.

ಈಗ ಮೇಷ್ಟ್ರ ಕಣ್ಣು ಹೋಗುತ್ತಿತ್ತು. ನಡುವೆ ಮಂಜು, ಅಂಚಿನಲ್ಲಷ್ಟೇ ಅಲ್ಪಸ್ವಲ್ಪ ಬೆಳಕು. ವೈದ್ಯರು ಕೈಚೆಲ್ಲಿದ್ದರು. ಇದ್ದಬದ್ದ ಕಣ್ಣಿನಲ್ಲೇ ಕೊನೆಯ ಪ್ರದರ್ಶನ ಮಾಡಿಬಿಡುತ್ತೇನೆಂದು ಹೊರಟ ಅವರು ಒಂದು ಮಧ್ಯಾಹ್ನ ದೊಡ್ಡ ಸುರುಳಿಯೊಂದನ್ನು ತಂದು ಅವಳ ಮೇಜಿನ ಮೇಲಿಟ್ಟರು. ಆಳೆತ್ತರದ ಪ್ರಿಂಟು. ಬೆನ್ನು ತೋರಿಸಿ ನಿಂತ ಗಂಡಸು, ಇದ್ದಷ್ಟೇ ಎತ್ತರ, ಇದ್ದಷ್ಟೇ ಅಗಲ ಎಂದು ಸುರುಳಿ ಬಿಚ್ಚದೆಯೇ ಹೇಳಿದರು.

"ಇದನ್ನ ನೀನೇ ಮಾಡ್ಬೇಕು. ಬೇರೆಯವರ ಕೈಗೆ ಕೊಡಲ್ಲ. ಅವಸರ ಬೇಡ, ನಿಧಾನವಾಗಿ ನೋಡು," ಎಂದರು. ಅವರ ದನಿ ಯಾಕೋ ತಗ್ಗಿತ್ತು. ಕಣ್ಣು ಹೋಗುವ ದುಃಖ ಎಂದುಕೊಂಡಳು.

ಮೇಜು ಚಿಕ್ಕದು. ಮೊಳದಷ್ಟು ಬಿಚ್ಚುವುದು, ಹಾಳೆ ಹೊದಿಸುವುದು, ಮುಗಿದಷ್ಟನ್ನು ಅತ್ತ ಸುತ್ತಿಕೊಂಡು ಇತ್ತ ಇನ್ನೊಂದು ಮೊಳ ಬಿಚ್ಚುವುದು. ತಲೆಗೂದಲು ಮುಗಿಸಿ ಹೆಗಲಿಗೆ ಬಂದಾಗ ಅವಳ ಬ್ರಷ್ಶು ತಡವರಿಸಿತು. ತೂತಿನ ಅಡ್ಡಕ್ಕೆ ಒಂದು ಬಿಳಿ ಗೀರು. ಹಾಳೆ ಸರಿಸಿದಳು, ಅಲ್ಲೂ ಇತ್ತು. ಇನ್ನಷ್ಟು ಸರಿಸಿದಳು, ಅಲ್ಲೂ. ನೆಗೆಟಿವ್ ಎಲ್ಲೋ ಉಜ್ಜಿಹೋಗಿದ್ದರೆ ಹೀಗೆ ಉದ್ದಕ್ಕೆ ಬಿಳಿ ಗೆರೆ ಬೀಳುವುದುಂಟು. ಪಾಪ, ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ, ಎಲ್ಲೋ ಎಳೆದಾಡಿಬಿಟ್ಟಿದ್ದಾರೆ ಎಂದು ಮರುಗಿದಳು. ಹೇಳಿದರೆ ನೊಂದುಕೊಳ್ಳುತ್ತಾರೆ, ಹೇಳದೆಯೇ ಸರಿಮಾಡಿಬಿಡೋಣ ಎಂದು ಬಣ್ಣ ಕಲಸಿಕೊಂಡಳು.

ನಿಮಗೆ ಈಗಾಗಲೇ ಗೊತ್ತಾಗಿರಬೇಕು. ಅವಳಿಗೆ ಗೊತ್ತಾಗಲಿಲ್ಲ. ಎಷ್ಟು ಪೆದ್ದಿ ಎಂದು ಬೈಯುವವರು ಬೈಯಬಹುದು. ಆದರೆ ನಾಣ್ಯದಗಲದ ತೂತಿನಲ್ಲಿ ಬೆನ್ನು ಬೆನ್ನಾಗಿರುವುದಿಲ್ಲ, ಗಾಯ ಗಾಯವಾಗಿರುವುದಿಲ್ಲ. ಅಲ್ಲದೆ ಆ ಗಾಯವನ್ನು ಅವಳ ಕಣ್ಣು ಕಂಡೇ ಇರಲಿಲ್ಲವಲ್ಲ. ಬೆರಳಿಗೆ ಗೊತ್ತಿದ್ದದ್ದು ಒಂದು ಉಬ್ಬು, ಕಾಗದ ನುಣುಪಾಗಿತ್ತು.

ಅಷ್ಟು ಶ್ರದ್ಧೆಯಿಂದ ಅವಳು ಯಾವ ಕೆಲಸವನ್ನೂ ಮಾಡಿರಲಿಲ್ಲ. ಬೆಳಗ್ಗೆ ಕೂತವಳು ಊಟದ ಹೊತ್ತಿಗೆ ಬೆರಳುದ್ದ ಗೀರು ಮುಚ್ಚಿದರೆ ಅದೇ ಹೆಚ್ಚು. ಗೆರೆ ಬೆನ್ನಿನುದ್ದಕ್ಕೂ ಇಳಿಯಿತು, ಅವಳೂ ಅದರ ಬೆನ್ನು ಹತ್ತಿ ಇಳಿದಳು. ನಡುವೆ ಒಂದು ದಿನ ನಾದಿನಿಯ ಮಾತು ನೆನಪಾಗಿ, ಮೊಳೆ ನೆನಪಾಗಿ, ಬ್ರಷ್ಶು ಪಕ್ಕಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣೀರು ಪ್ರಿಂಟಿಗೆ ಬೀಳಬಾರದೆಂದು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡು ಅತ್ತಳು. ಮೇಷ್ಟ್ರು ಗೋಡೆ ಹಿಡಿದುಕೊಂಡು ಬಂದವರು ಅವಳ ತಲೆಯ ಮೇಲೆ ಕೈಯಿಟ್ಟು, ಒಂದು ಮಾತೂ ಆಡದೆ ಹೋದರು. ಸಂಕಟ ಅರ್ಥಮಾಡಿಕೊಳ್ಳುವ ಮನುಷ್ಯ ಎಂದುಕೊಂಡಳು.

ಕೊನೆಗೆ ಪಾದ. ಬಲಗಾಲಿನ ಬೆರಳುಗಳು ಎಡಪಾದದ ಮೇಲಿದ್ದವು. ಇದೆಂಥ ನಿಲುವಪ್ಪಾ ಎಂದು ಒಂದು ಕ್ಷಣ ಅನ್ನಿಸಿತು, ಹಾಳೆ ಸರಿಸಿದಳು. ಕೆಲಸ ಮುಗಿಯಿತು ಎಂದಾಗ ಮೇಷ್ಟ್ರು ಒಳಗೆ ಹೋದರು. ಕತ್ತರಿಯ ಸದ್ದು ಕೇಳಿಸಿತು.

ಪ್ರದರ್ಶನ ಶುರುವಾಗುವ ದಿನ ನಾದಿನಿಯನ್ನೂ ಕರೆದಳು.

"ಬೆತ್ತಲೆ ಗಂಡಸರನ್ನ ನೋಡೋಕೆ ಎರಡು ಬಸ್ ಹತ್ತಿ ಬರ್ಬೇಕಾ? ಬೇಡವ್ವಾ, ನನ್ನ ಗಂಡ ಮನೇಲಿ ಟವೆಲ್ ಸುತ್ಕೊಂಡು ಓಡಾಡೋದೇ ಸಾಕಾಗಿದೆ ನಂಗೆ," ಎಂದಳು ನಾದಿನಿ. ಚುಕ್ಕಿ ಒಬ್ಬಳೇ ಹೋದಳು.

ಗ್ಯಾಲರಿಯಲ್ಲಿ ಜನ ಗಿಜಿಗುಡುತ್ತಿದ್ದರು. ಗೋಡೆಗಳ ತುಂಬ ಮೈಗಳು: ಕೂತವರು, ಬಾಗಿದವರು, ಮುದುಕರು, ಹರೆಯದವರು. ತೂತಿನಲ್ಲಿ ಚೂರುಚೂರಾಗಿ ಕಂಡಿದ್ದವರು ಈಗ ಇಡಿಯಾಗಿ ನಿಂತಿದ್ದರು. ನಾಚಿಕೆಯಾಗುತ್ತದೆ ಎಂದು ಹೆದರಿಕೊಂಡೇ ಬಂದವಳಿಗೆ ನಾಚಿಕೆಯಾಗಲಿಲ್ಲ. ಅಷ್ಟು ಮಂದಿ, ಅಷ್ಟು ಬರಿದಾಗಿ, ಒಬ್ಬರೂ ಯಾರನ್ನೂ ಹೆದರಿಸದೆ ನಿಂತದ್ದನ್ನು ಅವಳು ಒಂದೊಂದು ಗೋಡೆಗೂ ಹೋಗಿ ನೋಡಿದಳು. ಮೇಷ್ಟ್ರು ಇಷ್ಟು ದಿನ ಹೇಳುತ್ತಿದ್ದದ್ದು ಇದನ್ನೇ. ಒಂದು ದಿನವಾದರೂ ಆ ಹಾಳೆ ತೆಗೆದು ನೋಡಬಾರದಿತ್ತೇ ತಾನು?

ಕೊನೆಯ ಗೋಡೆಯ ಮೇಲೆ ಒಂದೇ ಚಿತ್ರ. ಗಾಜಿಲ್ಲ, ಚೌಕಟ್ಟಿಲ್ಲ, ಮೇಲೂ ಕೆಳಗೂ ಪಟ್ಟಿ ಹಾಕಿ ಗೋಡೆಗೆ ಬಿಗಿದಿದ್ದರು. ಅವಳು ಎದುರಿಗೆ ಹೋಗಿ ನಿಂತಳು.

ಮೊದಲು ಕಂಡದ್ದು ಪಾದ. ಐಸ್ ಫ್ಯಾಕ್ಟರಿಯ ನೆಲ ಸದಾ ಒದ್ದೆ, ಸದಾ ಥಂಡಿ. ಅಲ್ಲಿ ದುಡಿಯುವವರು ನಿಂತಾಗ ಒಂದು ಪಾದವನ್ನು ಇನ್ನೊಂದರ ಮೇಲಿಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಐಸಣ್ಣನಿಗೆ ಅದು ಎಷ್ಟು ಮೈಗೂಡಿತ್ತೆಂದರೆ ಬಿರುಬೇಸಿಗೆಯಲ್ಲೂ, ಅಡುಗೆಮನೆಯ ಬಾಗಿಲಲ್ಲಿ ನಿಂತು "ಏನಾಯ್ತೇ ಊಟ?" ಎಂದು ಕೇಳುವಾಗಲೂ, ಹಾಗೇ ನಿಲ್ಲುತ್ತಿದ್ದ. ಪಾದದಿಂದ ಅವಳ ಕಣ್ಣು ಮೇಲಕ್ಕೇರಿತು. ಒಂದು ಕಡೆಗೆ ವಾಲಿದ ಸೊಂಟ. ಹಿಂದೆ ಕಟ್ಟಿಕೊಂಡ ಕೈ, ಎಡಮಣಿಕಟ್ಟನ್ನು ಹಿಡಿದ ಬಲಗೈ. ತುಸು ಎಡಕ್ಕೆ ಬಾಗಿದ ತಲೆ, ಯಾರೋ ಒಳಗಿನಿಂದ ಕರೆಯುತ್ತಾರೇನೋ ಎಂದು ಕಾಯುತ್ತಿರುವಂತೆ.

"ರೀ," ಎಂದಳು, ತನಗಷ್ಟೇ ಕೇಳಿಸುವಂತೆ.

ಮರುಗಳಿಗೆ ಬೆನ್ನನ್ನು ನೋಡಿದಳು. ಬೆನ್ನು ನುಣ್ಣಗಿತ್ತು. ಹೆಗಲಿನಿಂದ ಸೊಂಟದವರೆಗೆ ಬೆಳಕು ಒಂದೇ ಸಮನೆ ಇಳಿದಿತ್ತು, ಎಲ್ಲೂ ಒಂದು ಎಳೆ ಕಲೆಯಿಲ್ಲ. ಅಬ್ಬಾ, ಅವನಲ್ಲ, ಅವನ ಬೆನ್ನು ಹೀಗಿರಲಿಲ್ಲ ಎಂದು ಉಸಿರು ಬಿಟ್ಟಳು. ಉಸಿರು ಪೂರ್ತಿ ಹೊರಗೆ ಹೋಗಲಿಲ್ಲ. ಆ ಬಿಳಿ ಗೆರೆ ಎಲ್ಲಿಂದ ಶುರುವಾಗಿತ್ತು, ಎಷ್ಟು ದಿನ ಅದರ ಹಿಂದೆ ಇಳಿದಳು, ಎಲ್ಲವೂ ಒಟ್ಟಿಗೆ ತಲೆಗೆ ಬಂತು. ಗೋಡೆ ಹಿಡಿದುಕೊಂಡಳು.

"ಎಂಥ ಮೈ! ಒಂದು ಕಲೆ ಇಲ್ಲ," ಎಂದರು ಪಕ್ಕದಲ್ಲಿದ್ದ ಯಾರೋ.

ಅಷ್ಟರಲ್ಲಿ ಗ್ಯಾಲರಿಯ ಮೇಡಂ ಚಪ್ಪಾಳೆ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿ ಮೇಷ್ಟ್ರನ್ನು ಕೈಹಿಡಿದು ಕರೆತಂದರು. ಮೇಷ್ಟ್ರು ಚಿತ್ರದ ಪಕ್ಕ ನಿಂತು, ಜನರಿದ್ದಾರೆ ಎಂದು ಅಂದಾಜಿಸಿದ ಕಡೆಗೆ ಮುಖ ಮಾಡಿದರು.

"ನಾನು ಹೆಚ್ಚು ಮಾತಾಡಲ್ಲ. ಇದು ನನ್ನ ಕೊನೆಯ ಚಿತ್ರ. ನೀವು ಬೇರೆ ಏನನ್ನೂ ನೋಡದಿದ್ದರೂ ಪರವಾಗಿಲ್ಲ, ಈ ಬೆನ್ನಿನ ಮೇಲಿನ ಗಾಯದ ಗೆರೆ ನೋಡಿ. ದುಡಿಯೋ ಮನುಷ್ಯನ ಇಡೀ ಬದುಕು ಆ ಗೆರೆಯಲ್ಲಿದೆ. ಅದರ ಅಂಚಿನಲ್ಲಿ ಬೆಳಕು ಹೇಗೆ ತಡೆದು ನಿಂತಿದೆ, ನೋಡಿ. ಅದೊಂದು ಇಲ್ಲದೇ ಇದ್ದಿದ್ರೆ ನಾನು ಈ ಚಿತ್ರ ತೆಗೀತಾನೇ ಇರ್ಲಿಲ್ಲ."

ಜನ ನುಣ್ಣನೆಯ ಬೆನ್ನನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಗಡ್ಡದವರೊಬ್ಬರು ಕಣ್ಣು ಕಿರಿದು ಮಾಡಿ ನಿಧಾನವಾಗಿ ತಲೆಯಾಡಿಸಿದರು. "ಅದ್ಭುತ," ಎಂದರು. ಅವರು ತಲೆಯಾಡಿಸಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ನೋಡುನೋಡುತ್ತಿದ್ದಂತೆ ಎಲ್ಲರಿಗೂ ಗಾಯ ಕಾಣಿಸತೊಡಗಿತು. ಗಡ್ಡದವರಿಗೆ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ಚಿತ್ರವನ್ನು ಕೊಂಡೇಬಿಟ್ಟರು. ಮಾರಾಟವಾಯಿತೆಂದು ತೋರಿಸಲು ಮೇಡಂ ಪಕ್ಕದಲ್ಲೊಂದು ಕೆಂಪು ಚುಕ್ಕಿ ಅಂಟಿಸಿದರು.

ಜನ ತಿಂಡಿಯ ಮೇಜಿನ ಕಡೆಗೆ ಚದುರಿದ ಮೇಲೆ ಅವಳು ಮೇಷ್ಟ್ರ ಪಕ್ಕದಲ್ಲಿ ಕೂತಳು.

"ಮೇಷ್ಟ್ರೇ, ಅದು ನಮ್ಮನೆಯವರಾ?"

ಮೇಷ್ಟ್ರು ಅವಳ ದನಿ ಬಂದ ಕಡೆಗೆ ತಿರುಗಿದರು. "ಏನು ಹಾಗಂದ್ರೆ? ನಿಂಗೆ ಗೊತ್ತಿಲ್ವಾ?"

"ಇಲ್ಲ."

"ಅಲ್ಲಮ್ಮಾ, ಅಷ್ಟು ದಿನ ನೀನು ಅದನ್ನ ಮುಂದೆ ಇಟ್ಕೊಂಡು ಕೂತಿದ್ದೆ. ಅವತ್ತು ಅತ್ತೂಬಿಟ್ಟೆ. ಐಸಣ್ಣನ್ನ ನೋಡಿ ಅಳ್ತಿದೀಯ, ಸುಮ್ನಿರೋಣ ಅಂತ ನಾನೂ ಸುಮ್ನಾದೆ. ಆ ತೂತಿನ ಹಾಳೆ ಯಾವತ್ತೋ ಬಿಟ್ಟಿರ್ತೀಯ, ಗಂಡನ ಬೆನ್ನು ಗೊತ್ತಾಗದ ಹೆಂಡತಿ ಇರ್ತಾಳಾ ಅಂದ್ಕೊಂಡೆ."

"ಯಾವಾಗ ತೆಗೆದ್ರಿ?"

"ನೀನು ಜ್ವರ ಬಂದು ಮಲಗಿದ್ಯಲ್ಲ, ಆಗ. ನಿನ್ನ ರಜೆ ಹೇಳೋಕೆ ಬಂದಿದ್ದ. ಎಷ್ಟೋ ದಿನದಿಂದ ಕೇಳ್ತಿದ್ದೆ, ಅವತ್ತು ಒಪ್ಕೊಂಡ. ಮುಖ ಬೇಡ, ನಾನು ಬದುಕಿರೋವರೆಗೂ ಅವಳಿಗೆ ತೋರಿಸಬೇಡಿ ಅಂದ." ಮೇಷ್ಟ್ರು ಸ್ವಲ್ಪ ನಕ್ಕರು. "ಯಾಕೋ ಅಂತ ಕೇಳಿದೆ. ದಿನವೆಲ್ಲ ಊರವರ ಕಲೆ ಅಳಿಸೋಳು ಮೇಷ್ಟ್ರೇ ಅವಳು, ನನ್ನ ಬೆನ್ನು ನೋಡಿದ್ರೆ ಅವಳ ಕೈ ಸುಮ್ನೆ ಕೂರಲ್ಲ, ಅದಕ್ಕೇ ದೀಪ ಆರಿಸಿಬಿಡ್ತೀನಿ ಅಂದ. ತಮಾಷೆಗೆ ಅಂದಿದಾನೆ ಅಂದ್ಕೊಂಡೆ. ಈಗ ನೋಡಿದ್ರೆ ಅಷ್ಟೇನೂ ತಮಾಷೆ ಇರ್ಲಿಲ್ಲ ಅದ್ರಲ್ಲಿ."

ಇಷ್ಟು ವರ್ಷದ ಕತ್ತಲು ಅದಕ್ಕೋ? ಒಂದು ದಿನ ದೀಪ ಹಾಕಿ, ತಿರುಗಿ ಕೂತ್ಕೊಳ್ಳಿ ನೋಡೋಣ ಎಂದಿದ್ದರೆ ಆಗುತ್ತಿರಲಿಲ್ಲವೇ?

"ಮೇಷ್ಟ್ರೇ, ಗೆರೆ ಇಲ್ಲ," ಎಂದಳು. "ನೆಗೆಟಿವ್ ಉಜ್ಜಿಹೋಗಿದೆ ಅಂದ್ಕೊಂಡು ನಾನೇ ಮುಚ್ಚಿಬಿಟ್ಟೆ."

ಮೇಷ್ಟ್ರು ಚಿತ್ರವಿದ್ದ ಗೋಡೆಯ ಕಡೆಗೆ ಮುಖ ತಿರುಗಿಸಿದರು.

"ಪೂರ್ತಿನಾ?"

"ಪೂರ್ತಿ."

"ಮತ್ತೆ ಇವರೆಲ್ಲ ನೋಡಿದ್ದೇನು?"

ಈಗ ಬೈಯುತ್ತಾರೆ ಎಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು.

"ನೆಗೆಟಿವ್ ಕತ್ತರಿಸಿಬಿಟ್ಟೆನಲ್ಲಮ್ಮಾ," ಎಂದರು. "ತೊಳೆದ್ರೆ ಹೋಗಲ್ವಾ?"

"ನಾನಿಟ್ಟ ಬಣ್ಣ ಹೋಗಲ್ಲ ಮೇಷ್ಟ್ರೇ. ಹೋಗದ ಹಾಗೆ ಇಡ್ಬೇಕು ಅಂತ ತಾನೇ ನೀವು ಹೇಳ್ತಿದ್ದದ್ದು."

"ಹಾಗಾದ್ರೆ ಬ್ಲೇಡು. ಬ್ಲೇಡಲ್ಲಿ ಮೇಲಿನ ಪದರ ಕೆರೆದ್ರೆ ಕಾಗದದ ಬಿಳಿ ಏಳುತ್ತೆ. ಕಪ್ಪು ಕಲೆ ತೆಗೆಯೋಕೆ ಮಾಡ್ತಿದ್ಯಲ್ಲ, ನಿಂಗೇನು ಹೊಸದಲ್ಲ."

"ಎಲ್ಲಿ ಅಂತ ಕೆರೀಲಿ? ತೂತಲ್ಲಿ ಚೂರು ಚೂರು ನೋಡಿದ್ದು ಬಿಟ್ರೆ ನಾನದನ್ನ ಕಣ್ಣಲ್ಲಿ ಕಂಡೇ ಇಲ್ಲ. ಎಲ್ಲಿ ತಿರುಗಿತ್ತು, ಎಲ್ಲಿ ನಿಂತಿತ್ತು, ಒಂದೂ ನೆನಪಿಲ್ಲ."

"ಕಂಡವನು ನಾನು," ಎಂದರು ಮೇಷ್ಟ್ರು, "ನನಗೆ ಕಣ್ಣಿಲ್ಲ."

ಮರುದಿನ ಬೆಳಗ್ಗೆ ಗ್ಯಾಲರಿಯ ಬಾಗಿಲು ತೆರೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಚುಕ್ಕಿ ಉಳಿದುಹೋಗಿದೆ, ಮೇಷ್ಟ್ರು ಸರಿಮಾಡಿ ಬಾ ಎಂದಿದ್ದಾರೆ ಎಂದಳು. ಮೇಡಂ ನಿದ್ದೆಗಣ್ಣಿನಲ್ಲೇ ಒಳಗೆ ಬಿಟ್ಟು, ಕಾಫಿ ಕಪ್ಪು ಹಿಡಿದು ಫೋನಿನಲ್ಲಿ ಮಾತಾಡುತ್ತಾ ಆಚೆ ನಿಂತರು.

ಚುಕ್ಕಿ ಚಿತ್ರದ ಮುಂದೆ ನಿಂತು ಬ್ಲೇಡು ತೆಗೆದಳು. ಬೆನ್ನನ್ನು ನೋಡಿದಳು, ನೋಡಿದಷ್ಟೂ ಅದು ಅವಳಿಗೆ ಅಪರಿಚಿತವಾಗುತ್ತಿತ್ತು. ತನ್ನ ಕೈಯೇ ತೊಳೆದು ಬಳಿದಿಟ್ಟ ಬೆನ್ನು. ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ. ಕೈ ಕೆಳಗಿಳಿಸಿದಳು.

"ಮೇಡಂ, ಸ್ವಲ್ಪ ಪರದೆ ಎಳೆದು ಲೈಟ್ ಆರಿಸ್ತೀರಾ?"

ಮೇಡಂ ಫೋನಿನಿಂದ ಮುಖ ಎತ್ತಿದರು. "ಕತ್ತಲಲ್ಲಿ ಚುಕ್ಕಿ ಇಡ್ತೀರಾ?"

"ಇವರನ್ನ ನಾನು ಕತ್ತಲಲ್ಲೇ ನೋಡಿರೋದು ಮೇಡಂ."

ಮೇಷ್ಟ್ರ ಕಡೆಯವರೆಲ್ಲ ಒಂಥರಾ ಎಂದುಕೊಂಡಿರಬೇಕು ಮೇಡಂ, ಪರದೆ ಎಳೆದು ದೀಪ ಆರಿಸಿದರು. ಅವಳು ಕಣ್ಣು ಮುಚ್ಚಿಕೊಂಡಳು. ಎಡಗೈಯನ್ನು ಚಾಚಿದಾಗ ಅದು ತಾನಾಗಿಯೇ ಹೆಗಲಿನ ಎತ್ತರಕ್ಕೆ ಹೋಗಿ ನಿಂತಿತು, ಹಾಸಿಗೆಯಲ್ಲಿ ಎಷ್ಟು ದೂರಕ್ಕೆ ಚಾಚುತ್ತಿತ್ತೋ ಅಷ್ಟೇ. ಕಾಗದ ತಣ್ಣಗಿತ್ತು. ಅವನ ಮೈಯೂ ಪಾಳಿ ಮುಗಿಸಿ ಬಂದಾಗ ಹೀಗೇ ತಣ್ಣಗಿರುತ್ತಿತ್ತು. ಬೆರಳು ತನ್ನ ಹಳೆಯ ದಾರಿ ಹಿಡಿದು ಇಳಿಯಿತು, ಮೊದಲು ನೇರ, ಆಮೇಲೆ ಬೆನ್ನುಮೂಳೆಯ ಕಡೆಗೆ ತುಸು ವಾಲಿ, ಅಲ್ಲೊಂದು ಸಣ್ಣ ಗಂಟು. ಬೆರಳಿನ ಹಿಂದೆ ಬ್ಲೇಡು ಹೋಯಿತು. ನುಣುಪಿನ ಮೇಲೆ ಸಣ್ಣಗೆ ಗರಗರ ಎನ್ನುವ ಸದ್ದು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಇವತ್ತು ಅದು ಎಲ್ಲಿ ಬಿದ್ದೀತು ಎಂದು ಅವಳು ನೋಡಲಿಲ್ಲ. ಪಕ್ಕೆಲುಬು ಮುಗಿಯುವಲ್ಲಿ ಬೆರಳು ನಿಂತಿತು. ಎಷ್ಟು ಕಾದರೂ ಮುಂದಕ್ಕೆ ಹೋಗಲಿಲ್ಲ. ಬ್ಲೇಡನ್ನೂ ನಿಲ್ಲಿಸಿದಳು.

ದೀಪ ಹತ್ತಿತು. ಮೇಡಂ ಕಿಟಾರನೆ ಕಿರುಚಿದರು.

"ಏನ್ರೀ ಇದು! ಏನು ಮಾಡಿಟ್ರಿ! ಹಾಳು ಮಾಡಿಬಿಟ್ರಲ್ಲಾ!"

ಬೆನ್ನಿನ ಮೇಲೆ ಎದ್ದು ಕಾಣುವ ಬಿಳಿ ಗೆರೆ. ಅಂಚಿನಲ್ಲಿ ಕಾಗದದ ನಾರು ಎದ್ದು ಒರಟಾಗಿತ್ತು. ಮೇಡಂ ಗಡ್ಡದವರಿಗೆ ಫೋನು ಮಾಡಿದರು. ಗಡ್ಡದವರು ಗೀರು ಬಿದ್ದ ಚಿತ್ರ ತಮಗೆ ಬೇಡವೇ ಬೇಡ ಎಂದರು. ಮೇಡಂ ಕೋಪದಲ್ಲಿ ಕೆಂಪು ಚುಕ್ಕಿಯನ್ನು ಉಗುರಿನಿಂದ ಕಿತ್ತು, "ಇದನ್ನ ಗೋಡೆಯಿಂದ ಇಳಿಸಿ ತಗೊಂಡು ಹೋಗಿ, ನನ್ನ ಕಣ್ಣೆದುರು ಇರೋದು ಬೇಡ," ಎಂದರು. ಯಾರಿಗೂ ಬೇಡವಾದ ಮೇಲೆ ಐಸಣ್ಣ ಅವಳ ಪಾಲಿಗೆ ಬಂದ.

ಆ ಹೊತ್ತಿಗೆ ಮೇಷ್ಟ್ರು ಗೋಡೆ ತಡವಿಕೊಳ್ಳುತ್ತಾ ಒಳಗೆ ಬಂದಿದ್ದರು. ಅವಳು ಅವರ ಕೈ ಹಿಡಿದು ತಂದು, ತೋರುಬೆರಳನ್ನು ಗೆರೆಯ ತುದಿಗೆ ಮುಟ್ಟಿಸಿದಳು. ಮೇಷ್ಟ್ರ ಬೆರಳು ಮೆಲ್ಲಗೆ ಇಳಿಯಿತು. ಗಂಟಿನ ಹತ್ತಿರ ಒಂದು ಕ್ಷಣ ನಿಂತು, ಹೌದೌದು ಎನ್ನುವಂತೆ ಅವರು ತಲೆಯಾಡಿಸಿದರು. ಮತ್ತೆ ಇಳಿದ ಬೆರಳು ಪಕ್ಕೆಲುಬಿನ ಕೆಳಗೆ ನುಣುಪಿಗೆ ಜಾರಿ ತಬ್ಬಿಬ್ಬಾಯಿತು. ಅಲ್ಲೇ ಸುತ್ತಮುತ್ತ ಹುಡುಕಿದರು.

"ಇಲ್ಲಿಗೇ ನಿಂತುಬಿಟ್ಟಿದೆಯಲ್ಲ ಚುಕ್ಕಿ. ಸೊಂಟದವರೆಗೂ ಇತ್ತು ಅದು."

"ಇತ್ತು ಮೇಷ್ಟ್ರೇ. ಮುಚ್ಚಿದೋಳು ನಾನೇ ಅಲ್ವಾ, ಕೆಳಗಿನವರೆಗೂ ಇತ್ತು ಅಂತ ಗೊತ್ತು," ಎಂದಳು ಅವಳು. "ಆದ್ರೆ ನನ್ನ ಕೈಗೆ ಗೊತ್ತಿರೋದು ಇಷ್ಟೇ. ಇಲ್ಲಿಗೆ ಬರೋಷ್ಟರಲ್ಲಿ ದಿನಾ ನಂಗೆ ನಿದ್ದೆ ಬಂದುಬಿಡ್ತಿತ್ತು."